ಚಿಕ್ಕಪ್ಪನ ಬೆನ್ನು

ಹೋದ ತಿಂಗಳು ಬಟ್ಟೆ ನೆನೆಸಿದ ಬಕೆಟ್ಟು ಎತ್ತಲು ಹೋಗಿ ಬೆನ್ನು ಹಿಡಿದುಕೊಂಡಿತು. ಹಿಡಿದುಕೊಂಡಿತು ಅಂದರೆ ಎಂಥ ಹಿಡಿತ ಅಂತೀರಿ, ಬಗ್ಗಿದವಳು ಬಗ್ಗಿದಂತೆಯೇ ಬಚ್ಚಲಿನಿಂದ ಹಾಲ್‌ವರೆಗೆ ಗೋಡೆ ಹಿಡಿದು ಬಂದೆ. ಮಗ ಸ್ಕೂಟರಿನಲ್ಲಿ ಕೂರಿಸಿಕೊಳ್ಳಲು ಹೆದರಿ ಆಟೋ ತಂದ. ತುಮಕೂರಿನಲ್ಲಿ ಈಗ ಬೀದಿಗೊಂದು ಫಿಸಿಯೋಥೆರಪಿ ಅಂಗಡಿ. ನಮ್ಮ ಮನೆ ಹತ್ತಿರದ್ದಕ್ಕೆ ಕರೆದುಕೊಂಡು ಹೋಗಿ ಒಂದು ಎತ್ತರದ ಮಂಚದ ಮೇಲೆ ಬೋರಲು ಮಲಗಿಸಿದರು.

ಅಲ್ಲಿನ ಹುಡುಗಿ ಬೆನ್ನನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. "ಮೇಲಿಂದೆಲ್ಲ ಸರಿಯಾಗೇ ಇದೆ ಆಂಟಿ. ಒಳಗಡೆ ಮಸಲ್ಸ್ ವೀಕಾಗ್ಬಿಟ್ಟಿದೆ. ಅವು ಹೊರಗಡೆ ಕಾಣಲ್ಲ, ಅದಕ್ಕೇ ಯಾರೂ ತಲೆ ಕೆಡಿಸ್ಕೊಳ್ಳಲ್ಲ" ಎಂದಳು.

ಮಂಚದ ಎದುರಿನ ಗೋಡೆಯ ಮೇಲೆ ಒಂದು ಪಟ ಇತ್ತು. ಚರ್ಮ ಸುಲಿದ ಒಬ್ಬ ಗಂಡಸು ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಎಡಗಡೆ ಮೇಲ್ಪದರದ ಸ್ನಾಯುಗಳು, ಬೀಸಣಿಗೆಯಂತೆ ಅಗಲವಾಗಿ, ಕೆಂಪಗೆ, ನೋಡಲು ಬಲು ಚೆಂದ. ಬಲಗಡೆ ಅವನ್ನೆಲ್ಲ ಕಿತ್ತುಹಾಕಿ ಒಳಗಿನವನ್ನು ತೋರಿಸಿದ್ದಾರೆ. ಅವಕ್ಕೆ ಚೆಂದವೇನಿಲ್ಲ. ಬೆನ್ನುಮೂಳೆಗೆ ಒತ್ತಿಕೊಂಡು ಉದ್ದಕ್ಕೆ ಇಳಿದ ಹುರಿಗಳು, ಅವುಗಳ ಅಡಿಯಲ್ಲಿ ಓರೆಯಾಗಿ ಹೆಣೆದುಕೊಂಡ ಚಿಕ್ಕ ಚಿಕ್ಕ ಎಳೆಗಳು. ನಾನು ಜೀವಶಾಸ್ತ್ರದ ಟೀಚರಾಗಿ ನಿವೃತ್ತಳಾದವಳು. ಹೃದಯ, ಕಣ್ಣು, ಮೂತ್ರಪಿಂಡ ಇವನ್ನೆಲ್ಲ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬರೆದು ಕೈ ಪಳಗಿತ್ತು. ಬೆನ್ನನ್ನು ಮಾತ್ರ ಒಂದು ಸಲವೂ ಬರೆಯಲಿಲ್ಲ. ಸಿಲಬಸ್ಸಿನಲ್ಲಿ ಇರಲಿಲ್ಲ ಅನ್ನಬಹುದು. ಇದ್ದಿದ್ದರೂ ಬರೆಯುತ್ತಿರಲಿಲ್ಲವೇನೋ.

ಬೋರಲು ಮಲಗಿದವಳಿಗೆ ಗಂಗಾಧರ ಚಿಕ್ಕಪ್ಪ ನೆನಪಾದ. ಅವತ್ತು ಮನೆಗೆ ಬಂದ ಮೇಲೂ ಅವನು ಹೋಗಲಿಲ್ಲ. ಹೀಗಾಗಿ ನಿಮಗೆ ಹೇಳುತ್ತಾ ಕೂತಿದ್ದೇನೆ.

ಚಿಕ್ಕಪ್ಪನ ವಿಷಯಕ್ಕೆ ಬರುವ ಮುಂಚೆ ನನ್ನ ಕಾಲಿನ ವಿಷಯ ಹೇಳಿಬಿಡಬೇಕು. ನಾನು ಕಾಲು ಮುಂದಾಗಿ ಹುಟ್ಟಿದವಳು. ಎಲ್ಲರೂ ತಲೆಯಿಂದ ಲೋಕಕ್ಕೆ ಬಂದರೆ ನಾನು ಪಾದ ಊರಿಕೊಂಡು ಬಂದೆ. ಆಮೇಲೆ ಲೆಕ್ಕದ ಪರೀಕ್ಷೆಯಲ್ಲಿ ನಪಾಸಾದಾಗೆಲ್ಲ ಅಪ್ಪ, "ತಲೆ ಹಿಂದುಳಿದದ್ದು ಅವತ್ತೇ ಗೊತ್ತಾಗಿತ್ತು" ಎನ್ನುತ್ತಿದ್ದರು. ಆದರೆ ಗುಬ್ಬಿಯಲ್ಲಿ ನಮ್ಮ ಬೀದಿಯವರಿಗೆ ಇದು ದೊಡ್ಡ ಅನುಕೂಲವಾಯಿತು. ಕಾಲು ಮುಂದಾಗಿ ಹುಟ್ಟಿದವರ ಕೈಲಿ ಬೆನ್ನು ತುಳಿಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ನಿಮ್ಮ ಕಡೆಯೂ ಇರಬಹುದು. ನಮ್ಮ ಕಡೆ ಅದು ಆಸ್ಪತ್ರೆಗಿಂತ ಗಟ್ಟಿ. ಸೊಂಟ ಹಿಡಿದುಕೊಂಡವರು ಬೆಳಗ್ಗೆ ಬೆಳಗ್ಗೆಯೇ ನಮ್ಮ ಜಗಲಿಗೆ ಬಂದು ಬೋರಲು ಮಲಗುವರು. ಅಜ್ಜಿ ಒಳಗಿನಿಂದ ಕೂಗುವಳು.

"ರತ್ನೀ, ಕಾಲ್ ತೊಳ್ಕಂಡ್ ಬಾರೇ! ಮಂಡಿ ಚನ್ನಣ್ಣ ಬಂದವ್ನೆ."

ನಾನು ಹಲ್ಲುಜ್ಜುತ್ತಿದ್ದರೂ ಸರಿ, ತಲೆ ಬಾಚಿಸಿಕೊಳ್ಳುತ್ತಿದ್ದರೂ ಸರಿ, ಹೋಗಿ ಗೋಡೆಯನ್ನು ಹಿಡಿದುಕೊಂಡು ಅವರ ಬೆನ್ನಿನ ಮೇಲೆ ಎಡಗಾಲಿಟ್ಟು ಮೇಲಿನಿಂದ ಕೆಳಕ್ಕೆ ಸವರಿ, ನಡುವಿನ ಹತ್ತಿರ ಒಂದು ಸಣ್ಣ ಒದೆ ಕೊಡಬೇಕು. ಫೀಸು ಒಂದು ಅಚ್ಚು ಬೆಲ್ಲವೋ, ಒಂದು ಹಿಡಿ ಕಡಲೆಪುರಿಯೋ. ಊರಿನ ದೊಡ್ಡವರನ್ನೆಲ್ಲ ಒದೆಯುವ ಅಧಿಕಾರ ಅಷ್ಟು ಚಿಕ್ಕ ವಯಸ್ಸಿಗೆ ಇನ್ನು ಯಾರಿಗೆ ಸಿಕ್ಕೀತು! ನಮ್ಮ ಮೇಷ್ಟರೊಬ್ಬರು ಶನಿವಾರ ಒದೆಸಿಕೊಂಡು ಹೋಗಿ ಸೋಮವಾರ ಅದೇ ಕಾಲಿಗೆ ಬೆತ್ತದಲ್ಲಿ ಬಾರಿಸಿದ್ದೂ ಉಂಟು.

ಹೀಗೆ ನಾನು ಬೆನ್ನುಗಳನ್ನು ಅರಿತದ್ದು ಅಂಗಾಲಿನಿಂದ. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವ ಚನ್ನಣ್ಣನ ಬೆನ್ನಿನಲ್ಲಿ ಮೂಳೆಯ ಎರಡೂ ಬದಿಗೆ ಬಾಳೆದಿಂಡಿನಂಥ ಎರಡು ದಿಂಡುಗಳು, ನಡುವೆ ನೀರು ಹಾಯುವ ಕಾಲುವೆಯಂಥ ತಗ್ಗು. ಎದುರುಮನೆ ಟೈಲರಿನ ಬೆನ್ನು ಕುತ್ತಿಗೆಯ ಹತ್ತಿರ ಗಂಟುಗಂಟು. ಬಾಣಂತಿಯರದ್ದು ಹಿಟ್ಟಿನಂತೆ ಮೆತ್ತಗೆ, ಆದರೆ ಆಳದಲ್ಲಿ ಎಲ್ಲೋ ಒಂದು ಎಳೆ ಬಿಗಿದುಕೊಂಡಿರುತ್ತಿತ್ತು. ಆ ಎಳೆ ಅಂಗಾಲಿಗೆ ಸಿಕ್ಕಿದಾಗ ಕೆಳಗಿದ್ದವರು "ಹಾ, ಅಲ್ಲೇ ಕಣವ್ವ" ಎನ್ನುತ್ತಿದ್ದರು. ಸಡಿಲವಾದದ್ದು ನನಗೇ ಮೊದಲು ತಿಳಿಯುತ್ತಿತ್ತು. ಅದೇನು ಪವಾಡವಲ್ಲ ಎಂದು ಈಗ ಹೇಳಬಲ್ಲೆ. ಹಿಡಿದುಕೊಂಡ ಸ್ನಾಯುವಿಗೆ ಒಂದು ಮಗುವಿನ ತೂಕದ ಒತ್ತಡ ಬಿದ್ದರೆ ಅದು ಬಿಟ್ಟುಕೊಳ್ಳುತ್ತದೆ, ಅಷ್ಟೆ. ಆಗ ಮಾತ್ರ ನನ್ನ ಕಾಲಿನ ಬಗ್ಗೆ ನನಗೆ ಸಿಕ್ಕಾಪಟ್ಟೆ ಹೆಮ್ಮೆ ಇತ್ತು.

ಗಂಗಾಧರ ಚಿಕ್ಕಪ್ಪ ಅಪ್ಪನ ಬೆನ್ನಿಗೆ ಬಿದ್ದವನು. ಗುಬ್ಬಿಯಿಂದ ಚೇಳೂರಿಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಆ ಕಾಲದಲ್ಲಿ ಬಸ್ಸಿನ ಕಂಡಕ್ಟರೆಂದರೆ ಟಿಕೆಟು ಹರಿಯುವವನು ಮಾತ್ರವಲ್ಲ. ತೆಂಗಿನಕಾಯಿ ಮೂಟೆ, ಅಡಿಕೆ ಚೀಲ, ಸಂತೆಗೆ ಹೊರಟ ಕೋಳಿ ಪುಟ್ಟಿ ಎಲ್ಲವನ್ನೂ ಹಿಂದಿನ ಏಣಿ ಹತ್ತಿ ಟಾಪಿಗೆ ಏರಿಸಬೇಕು. ಚಿಕ್ಕಪ್ಪ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಏಣಿ ಹಿಡಿದು ಹತ್ತುವುದನ್ನು ನೋಡಲು ಬಸ್ ಸ್ಟ್ಯಾಂಡಿನಲ್ಲಿ ಜನ ನಿಲ್ಲುತ್ತಿದ್ದರು. ಭಾನುವಾರ ಬಾವಿಯ ಹತ್ತಿರ ಬನಿಯನ್ ತೆಗೆದು ನೀರು ಸೇದಿಕೊಂಡು ಸ್ನಾನ ಮಾಡುವಾಗ ಅವನ ಬೆನ್ನಿನ ಮೇಲೆ ನೀರು ನಿಲ್ಲದೆ ಹರಿದು ಹೋಗುವುದು. ಆ ಹೊಳಪು ಈಗಲೂ ಕಣ್ಣಿಗೆ ಕಟ್ಟಿದೆ. ನಮ್ಮನ್ನು ಉಪ್ಪಿನ ಮೂಟೆ ಹೊತ್ತುಕೊಂಡು ಹಿತ್ತಲೆಲ್ಲ ಸುತ್ತಿಸುತ್ತಿದ್ದ.

ಅವನಿಗೆ ಯಡಿಯೂರಿನ ಪಕ್ಕದ ಒಂದು ಹಳ್ಳಿಯಿಂದ ಹೆಣ್ಣು ತಂದರು. ಸರ್ವಮಂಗಳ ಚಿಕ್ಕಮ್ಮ. ಸಣ್ಣ ದನಿ, ದೊಡ್ಡ ಕಣ್ಣು. ಬಂದ ಹೊಸದರಲ್ಲಿ ನನ್ನ ಜಡೆ ಹಾಕುವ ಕೆಲಸ ಅವಳಿಗೆ ಸಿಕ್ಕಿತು. ಅಮ್ಮ ಎಳೆದು ಎಳೆದು ಹಾಕುತ್ತಿದ್ದ ಜಡೆಗೆ ಹೋಲಿಸಿದರೆ ಅವಳದು ಸ್ವರ್ಗ.

ಮದುವೆಯಾಗಿ ವರ್ಷ ತುಂಬುವ ಮೊದಲೇ ಚಿಕ್ಕಪ್ಪನಿಗೆ ಬೆಳಗ್ಗೆ ಏಳಲು ಕಷ್ಟವಾಗತೊಡಗಿತು. ಕೆಳಬೆನ್ನು ಹಲಗೆಯಂತೆ ಆಗಿರುತ್ತಿತ್ತಂತೆ. ಪಕ್ಕಕ್ಕೆ ಹೊರಳಿ, ಕೈಯೂರಿ, ಗೋಡೆ ಹಿಡಿದು ಏಳಬೇಕು. ವಿಚಿತ್ರವೆಂದರೆ ಹೊತ್ತೇರಿದಂತೆ ಅದು ಸಡಿಲವಾಗುತ್ತಿತ್ತು. ಬಸ್ಸಿನಲ್ಲಿ ಓಡಾಡಿ ಮೂಟೆ ಎತ್ತಿದರೆ ನೋವು ಕಡಿಮೆ, ಬಂದು ಮಲಗಿದರೆ ಜಾಸ್ತಿ. ದುಡಿದರೆ ವಾಸಿಯಾಗಿ ಮಲಗಿದರೆ ಕೆರಳುವ ನೋವನ್ನು ಯಾರು ನಂಬುತ್ತಾರೆ ಹೇಳಿ? ನಮ್ಮ ಅಜ್ಜಿಯಂತೂ ನಂಬಲಿಲ್ಲ.

"ಏನ್ಲಾ ಗಂಗ, ಹೊತ್ತು ನೆತ್ತಿಗ್ ಬಂತು, ಇನ್ನೂ ಎದ್ದಿಲ್ವೇನ್ಲಾ?" ಎಂದು ಅಂಗಳದಿಂದ ಕೂಗುವಳು. ಉತ್ತರ ಬರದಿದ್ದರೆ ಚಿಕ್ಕಮ್ಮನಿಗೆ ಕೇಳಿಸುವಂತೆ, "ಹೊಸ ಹೆಂಡ್ತಿ ಪಕ್ಕದಾಗಿದ್ರೆ ಯಾವನಿಗ್ ಬೆಳಕರೀತದೆ" ಎನ್ನುವಳು. ಚಿಕ್ಕಮ್ಮ ಒಲೆಯ ಮುಂದೆ ತಲೆ ತಗ್ಗಿಸಿಕೊಂಡು ಊದುಗೊಳವೆ ಊದುತ್ತಿದ್ದಳು.

ಕೊನೆಗೆ ಒಂದು ದಿನ ಚಿಕ್ಕಪ್ಪನೇ ಜಗಲಿಗೆ ಬಂದು ಬೋರಲು ಮಲಗಿದ. "ರತ್ನಿ, ಊರೋರ್ನೆಲ್ಲ ಒದ್ದು ವಾಸಿ ಮಾಡ್ತೀಯ. ನಿಮ್ ಚಿಕ್ಕಪ್ಪಂಗೂ ಒಂದ್ ಕೊಡೇ" ಎಂದು ನಕ್ಕ.

ನಾನು ಹತ್ತಿದೆ. ಹತ್ತಿದ ಕೂಡಲೇ ಏನೋ ಬೇರೆ ಅನ್ನಿಸಿತು. ಮೇಲೆ ಭುಜದ ಹತ್ತಿರ ಅದೇ ಹಳೆಯ ಬೆನ್ನು, ಬಿಸಿಯಾಗಿ ತುಂಬಿಕೊಂಡಿತ್ತು. ಸೊಂಟದ ಹತ್ತಿರಕ್ಕೆ ಕಾಲು ಇಳಿದಾಗ ದಿಂಡುಗಳು ಎರಡೂ ಬಿಗಿದು, ಒಣಗಿದ ಸೌದೆಯ ಮೇಲೆ ನಿಂತ ಹಾಗೆ. ಒತ್ತಿದೆ. ಸವರಿದೆ. ಒದ್ದೆ. ಬೇರೆಯವರಲ್ಲಿ ಬಿಟ್ಟುಕೊಳ್ಳುವ ಎಳೆ ಇಲ್ಲಿ ಬಿಡಲಿಲ್ಲ.

"ಹೋಯ್ತಾ ಚಿಕ್ಕಪ್ಪ?"

"ಹೋಯ್ತು ಕಣೇ. ಎದ್ದು ಕುಣೀಬೋದು ಈಗ" ಎಂದ. ಏಳುವಾಗ ಕೈ ಎರಡೂ ಜಗಲಿಗೆ ಊರಿದ್ದನ್ನು ನಾನು ನೋಡಿದೆ.

ಆಮೇಲೆ ತಿಂಗಳುಗಟ್ಟಲೆ ದಿನಾ ಬೆಳಗ್ಗೆ ನನ್ನ ಮೊದಲ ಕೆಲಸ ಚಿಕ್ಕಪ್ಪನ ಬೆನ್ನು ತುಳಿಯುವುದು. ಅವನಿಗೆ ಸ್ವಲ್ಪ ಹೊತ್ತು ಹಾಯೆನಿಸುತ್ತಿತ್ತು. ಆದರೆ ಆ ಗಟ್ಟಿತನ ಸೊಂಟದಿಂದ ಮೇಲೆ ಮೇಲೆ ಹತ್ತುವುದನ್ನು ನನ್ನ ಕಾಲು ಕಂಡಿತು. ಬೇಸಿಗೆಯಲ್ಲಿ ಕೆರೆ ಒಣಗುವಾಗ ದಡದಿಂದ ಒಳಕ್ಕೆ ಮಣ್ಣು ಬಿಗಿಯುತ್ತಾ ಹೋಗುತ್ತದಲ್ಲ, ಹಾಗೆ. ನಾನು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಲು ಮಾತು ಗೊತ್ತಿರಲಿಲ್ಲ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ಕಾಲುಗಳ ಮಾತು ನಡೆಯುತ್ತಿತ್ತು. ಬೀದಿಗೆಲ್ಲ ಒಳ್ಳೆಯದು ಮಾಡುವ ನನ್ನ ಕಾಲು ಒಂದು. ಮನೆಗೆ ಕೇಡು ತಂದ ಚಿಕ್ಕಮ್ಮನ ಕಾಲು ಇನ್ನೊಂದು. "ಅವ್ಳು ಹೊಸಿಲು ತುಳಿದ ಗಳಿಗೇನೇ ಸರಿಯಿಲ್ಲ" ಎಂದು ಅಜ್ಜಿ ಬಂದವರ ಮುಂದೆಲ್ಲ ಹೇಳುವಳು. ಚಿಕ್ಕಮ್ಮ ನನ್ನ ಜಡೆ ಹಾಕುತ್ತಾ ಹಾಕುತ್ತಾ ಕೈ ನಿಲ್ಲಿಸಿಬಿಡುತ್ತಿದ್ದಳು. ನಾನು ತಿರುಗಿ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆರಳುಗಳು ಮತ್ತೆ ಓಡಾಡುತ್ತಿದ್ದವು.

ಅವಳೇ ಹರಕೆ ಹೊತ್ತಳು. ಗಂಡನ ಬೆನ್ನು ವಾಸಿಯಾದರೆ ಅಂತಲ್ಲ, ವಾಸಿಯಾಗಲಿ ಅಂತ ಮುಂಚೆಯೇ ಯಡಿಯೂರಿನಲ್ಲಿ ಉರುಳು ಸೇವೆ ಮಾಡಿಸುವುದಾಗಿ. ಒಂದು ಸೋಮವಾರ ನಾವೆಲ್ಲ ಹೋದೆವು. ಚಿಕ್ಕಪ್ಪ ಕೊಳದಲ್ಲಿ ಮುಳುಗಿ ಒದ್ದೆ ಪಂಚೆಯಲ್ಲಿ ಕೈಮುಗಿದು ಉದ್ದಕ್ಕೆ ಮಲಗಿ ಗುಡಿಯ ಸುತ್ತ ಉರುಳತೊಡಗಿದ. ಬೇರೆ ಭಕ್ತರು ಉರುಳುವಾಗ ಓರೆಯಾಗುತ್ತಾರೆ, ಕಾಲು ಒಂದು ಕಡೆ ತಲೆ ಒಂದು ಕಡೆ ಹೋಗುತ್ತದೆ, ಜೊತೆಯವರು ಎಳೆದು ನೆಟ್ಟಗೆ ಮಾಡಬೇಕು. ಚಿಕ್ಕಪ್ಪನಿಗೆ ಯಾರೂ ಕೈ ಹಾಕಬೇಕಾಗಲಿಲ್ಲ. ದಿಮ್ಮಿಯಂತೆ ನೇರವಾಗಿ ಉರುಳಿದ. ನೋಡುತ್ತಿದ್ದ ಒಬ್ಬ ಮುದುಕಿ, "ಎಂಥಾ ಭಕ್ತಿ ನೋಡವ್ವ, ಒಂದ್ ಗೇಣು ಆಚೀಚೆ ಆಗ್ದಂಗೆ ಉಳ್ಳುತಾನೆ" ಎಂದು ಕೈ ಮುಗಿದಳು. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ಕಡೆ ಕಲ್ಲು ತಾಗಿ ಅವನು ಹಲ್ಲು ಕಚ್ಚಿದ್ದು ಅವಳಿಗೆ ಕಂಡಿತ್ತು.

ತುಮಕೂರಿನ ಆಸ್ಪತ್ರೆಗೆ ಹೋದದ್ದು ಅದಕ್ಕಿಂತ ಬಹಳ ಆಮೇಲೆ. ನಾನು ಆಗ ತುಮಕೂರಿನಲ್ಲೇ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ನನ್ನನ್ನೂ ಜೊತೆಗೆ ಕರೆದರು. ನನ್ನ ಇಂಗ್ಲಿಷಿನ ಸತ್ಯ ನನಗೊಬ್ಬಳಿಗೇ ಗೊತ್ತಿತ್ತು. ಪುಣ್ಯಕ್ಕೆ ಡಾಕ್ಟರು ಕನ್ನಡದಲ್ಲೇ ಮಾತಾಡಿದರು. ವಯಸ್ಸಾದವರು, ನಿಧಾನಸ್ಥರು. ಚಿಕ್ಕಪ್ಪನನ್ನು ನಿಲ್ಲಿಸಿ ಬಗ್ಗಿಸಿ ನೋಡಿದರು. ಕೈ ಮಂಡಿಯ ಕೆಳಕ್ಕೆ ಹೋಗಲಿಲ್ಲ. ಎದೆಯ ಸುತ್ತ ಟೇಪು ಹಿಡಿದು ಉಸಿರು ಎಳೆದುಕೊಳ್ಳಲು ಹೇಳಿದರು. ಟೇಪು ಅಲುಗಿದ್ದು ಗೊತ್ತೇ ಆಗಲಿಲ್ಲ. ಆಮೇಲೆ ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಪಠ್ಯಪುಸ್ತಕದಲ್ಲಿ ಬೆನ್ನೆಲುಬಿನ ಮಣಿಗಳು ಒಂದೊಂದೂ ಬೇರೆ ಬೇರೆ ಇದ್ದವು. ಇಲ್ಲಿ ಅವೆಲ್ಲ ಕೂಡಿಕೊಂಡು, ಗೆಣ್ಣು ಗೆಣ್ಣಾದ ಒಂದು ಬಿದಿರಿನ ಗಳದ ಹಾಗೆ ಕಾಣುತ್ತಿತ್ತು.

"ಸಾರ್, ಜಾಸ್ತಿ ಮೂಟೆ ಹೊತ್ತಿದ್ದಕ್ಕೆ ಹಿಂಗಾಯ್ತಾ?" ಎಂದು ಚಿಕ್ಕಪ್ಪ ಕೇಳಿದ.

"ಇಲ್ಲಪ್ಪ."

"ನಾನು ದಿನಾ ತುಳೀತಿದ್ದೆ ಸಾರ್" ಎಂದೆ ನಾನು.

"ಅದರಿಂದಾನೂ ಅಲ್ಲಮ್ಮ. ಇದು ಬರೋರಿಗೆ ಬರುತ್ತೆ, ವಯಸ್ಸಿನ ಹುಡುಗರಿಗೇ ಜಾಸ್ತಿ. ಯಾರು ಏನು ಮಾಡಿದ್ದಕ್ಕೂ ಬಂದಿದ್ದಲ್ಲ."

ಚಿಕ್ಕಮ್ಮ ಬಾಗಿಲ ಹತ್ತಿರ ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಳು. "ಇನ್ನೊಂದ್ ಸಲ ಹೇಳಿ ಸಾರ್."

"ಏನಮ್ಮ?"

"ಯಾರಿಂದಾನೂ ಬಂದಿದ್ದಲ್ಲ ಅಂದ್ರಲ್ಲ, ಅದನ್ನ."

ಡಾಕ್ಟರು ಅವಳ ಕಡೆಗೇ ತಿರುಗಿ, ಅದೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದರು. ಅವಳು ತಲೆಯಾಡಿಸಿ ಮತ್ತೆ ಬಾಗಿಲ ಹತ್ತಿರಕ್ಕೆ ಹೋಗಿ ನಿಂತಳು. ಔಷಧಿ ನೋವಿಗಷ್ಟೇ, ಕಾಯಿಲೆಗೆ ಇಲ್ಲ ಎಂದರು. ದಿಂಬಿಲ್ಲದೆ ಹಲಗೆಯ ಮೇಲೆ ಮಲಗಬೇಕು, ದಿನಾ ಸ್ವಲ್ಪ ಹೊತ್ತು ಬೋರಲು ಮಲಗಬೇಕು, ಉಸಿರು ತುಂಬಾ ಎಳೆದು ಬಿಡಬೇಕು, ಯಾವ ಕಾರಣಕ್ಕೂ ಸುಮ್ಮನೆ ಕೂರಬಾರದು. "ಬೆನ್ನು ಹೇಗೂ ಗಟ್ಟಿಯಾಗುತ್ತೆ. ನೆಟ್ಟಗೆ ಗಟ್ಟಿಯಾಗೋ ಹಾಗೆ ನೋಡ್ಕೊಳ್ಳೋಣ" ಎಂದರು.

ನಾನು ಬಿ.ಎಸ್ಸಿ. ಹುಡುಗಿಯಲ್ಲವೇ, ಒಂದು ಪ್ರಶ್ನೆ ಕೇಳದಿದ್ದರೆ ಹೇಗೆ? "ಸಾರ್, ಭುಜದ ಹತ್ತಿರ ಬೆನ್ನು ಇನ್ನೂ ಚೆನ್ನಾಗೇ ಇದೆಯಲ್ಲ?" ಎಂದೆ.

ಆಗ ಅವರು ಹೇಳಿದ್ದು ನನಗೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ನೆನಪಿದೆ. ಬೆನ್ನಿನ ಮೇಲೆ ನಮಗೆ ಕಾಣುವ ಸ್ನಾಯುಗಳೆಲ್ಲ ನಿಜವಾಗಿ ಬೆನ್ನಿನವಲ್ಲವಂತೆ. ಅವು ತೋಳಿಗೆ, ಭುಜಕ್ಕೆ ಸೇರಿದವು. ಬೆನ್ನಿನಲ್ಲಿ ಬಂದು ನೆಲೆಸಿವೆ, ಅಷ್ಟೆ. ಎತ್ತುವುದು, ಎಳೆಯುವುದು, ಜನ ನಿಂತು ನೋಡುವ ಕೆಲಸವೆಲ್ಲ ಅವುಗಳದ್ದು. ಬೆನ್ನಿನ ಸ್ವಂತ ಸ್ನಾಯುಗಳು ಅವುಗಳ ಕೆಳಗೆ ಇವೆ. ಸೊಂಟದಿಂದ ತಲೆಬುರುಡೆಯವರೆಗೆ ಹತ್ತುವ ಉದ್ದನೆಯವು, ಅವುಗಳ ಅಡಿಯಲ್ಲಿ ಓರೆಯಾಗಿ ಹೆಣೆದವು, ಎಲ್ಲಕ್ಕಿಂತ ಆಳದಲ್ಲಿ ಒಂದು ಮಣಿಯಿಂದ ಪಕ್ಕದ ಮಣಿಗೆ ಮಾತ್ರ ಹೋಗುವ ಬೆರಳುದ್ದವೂ ಇಲ್ಲದವು. ಈ ಕೊನೆಯವು ಎಳೆಯುವುದಕ್ಕಿಂತ ಹೆಚ್ಚಾಗಿ ಸುದ್ದಿ ಮುಟ್ಟಿಸುತ್ತವೆ. ಕತ್ತಲಲ್ಲಿ ನಿಂತಾಗಲೂ ನಾವು ನೆಟ್ಟಗಿದ್ದೇವೋ ಓರೆಯಾಗಿದ್ದೇವೋ ಎಂದು ತಲೆಗೆ ಹೇಳುವುದರಲ್ಲಿ ಅವುಗಳ ಪಾಲು ದೊಡ್ಡದು. "ಇವರಿಗೆ ಒಳಗಡೆ ಕೀಲುಗಳೇ ಕೂಡ್ಕೊಳ್ತಾ ಇವೆ. ಕೀಲು ಆಡದಿದ್ದರೆ ಆ ಚಿಕ್ಕ ಸ್ನಾಯುಗಳಿಗೆ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ಅವು ಕರಗಿ ಹೋಗ್ತವೆ. ಮೇಲಿನವು ಹಾಗೇ ಇರ್ತವೆ. ನೋಡೋರಿಗೆ ಪೈಲ್ವಾನ್ ಥರಾನೇ ಕಾಣ್ತಾರೆ."

ಅವತ್ತು ನಾನೂ ಅವರ ಜೊತೆ ಊರಿಗೆ ಹೊರಟೆ. ಬಸ್ಸಿನಲ್ಲಿ ಗುಬ್ಬಿಗೆ ವಾಪಸು ಹೋಗುವಾಗ ಚಿಕ್ಕಪ್ಪ ಕಿಟಕಿಯ ಪಕ್ಕ ಕೂತಿದ್ದ. ಹೊರಗೆ ನೋಡಬೇಕೆಂದರೆ ಕುತ್ತಿಗೆ ತಿರುಗದು, ಇಡೀ ಮೈಯನ್ನೇ ತಿರುಗಿಸಿ ಕೂತಿದ್ದ. "ಅಂತೂ ನಮ್ ಬೆನ್ನಲ್ಲಿ ಕಾಣೋದೆಲ್ಲ ಬಾಡಿಗೆದಾರ್ರು, ಮನೆ ಯಜಮಾನ್ರು ಖಾಲಿ ಮಾಡ್ಕಂಡ್ ಹೋಗ್ತಾವ್ರೆ ಅನ್ನು" ಎಂದ. ನಾನು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಅವಳು ಮನೆಗೆ ಹೋದವಳೇ ಅಜ್ಜಿಯ ಮುಂದೆ ನಿಂತು, "ಡಾಕ್ಟ್ರು ಎರಡ್ ಸಲ ಹೇಳಿದ್ರು ಅತ್ತೆ, ಯಾರ್ ಕಾಲಿಂದಾನೂ ಬಂದಿದ್ದಲ್ವಂತೆ" ಎಂದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, "ಡಾಕ್ಟ್ರುಗೇನ್ ಗೊತ್ತು ಬುಡು" ಎಂದಳು.

ಕಂಡಕ್ಟರ್ ಕೆಲಸ ಇನ್ನೂ ಸ್ವಲ್ಪ ಕಾಲ ನಡೆಯಿತು. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಯಾರಾದರೂ "ಕಂಡಕ್ಟ್ರೇ" ಎಂದರೆ ಅವನು ಇಡೀ ದೇಹವನ್ನು ತಿರುಗಿಸಬೇಕಿತ್ತು. ಕಾಲೇಜು ಹುಡುಗರು ಬೇಕೆಂದೇ ಒಬ್ಬರು ಹಿಂದಿನಿಂದ, ಒಬ್ಬರು ಮುಂದಿನಿಂದ ಕೂಗಿ ಅವನನ್ನು ಬುಗುರಿಯಂತೆ ತಿರುಗಿಸುತ್ತಿದ್ದರಂತೆ. ಅದನ್ನೂ ಅವನು ನಗುತ್ತಲೇ ಹೇಳುತ್ತಿದ್ದ. ಒಂದು ಸಲ ಚೇಳೂರಿನ ತಿರುವಿನಲ್ಲಿ ದನ ಅಡ್ಡ ಬಂತೆಂದು ಡ್ರೈವರ್ ಬ್ರೇಕು ಹಾಕಿದ. ನಿಂತಿದ್ದ ಒಬ್ಬ ಹೆಂಗಸಿನ ಕಂಕುಳಿನಿಂದ ಕೂಸು ಜಾರಿತು. ಚಿಕ್ಕಪ್ಪ ಅವಳ ಎದುರಿಗೇ ಇದ್ದ. ಬೇರೆ ಯಾರಾಗಿದ್ದರೂ ಬಗ್ಗಿ ಹಿಡಿಯುತ್ತಿದ್ದರು. ಅವನು ಬಗ್ಗಲಾರದೆ ಮರದಂತೆ ನಿಂತ. ಪಕ್ಕದ ಸೀಟಿನವನೊಬ್ಬ ಕೈ ಚಾಚಿ ಹಿಡಿದುಕೊಂಡ, ಕೂಸಿಗೆ ಏನೂ ಆಗಲಿಲ್ಲ. ಆ ತಾಯಿ ಮಾತ್ರ, "ಕಲ್ಲಂಗ್ ನಿಂತವ್ನಲ್ಲಪ್ಪ, ನಿನಗೇನ್ ಮಕ್ಳು ಮರಿ ಇಲ್ವಾ?" ಎಂದು ಬೈದಳು.

ಅವನಿಗೆ ಮಕ್ಕಳಿರಲಿಲ್ಲ. ಅವತ್ತು ಸಾಯಂಕಾಲ ಟಿಕೆಟ್ಟಿನ ಚೀಲವನ್ನು ಮಾಲೀಕರ ಮೇಜಿನ ಮೇಲಿಟ್ಟು ಬಂದ.

ಮಾಲೀಕರು ಒಳ್ಳೆಯವರು, ಬಸ್ ಸ್ಟ್ಯಾಂಡಿನಲ್ಲೇ ಏಜೆಂಟನಾಗಿ ಇಟ್ಟುಕೊಂಡರು. ಹೊತ್ತಿಗೆ ಸರಿಯಾಗಿ ಬಸ್ಸು ಬಿಡಿಸುವುದು, ಊರಿನ ಹೆಸರು ಕೂಗಿ ಜನರನ್ನು ಹತ್ತಿಸುವುದು. ಅಷ್ಟರಲ್ಲಿ ಬೆನ್ನು ಮುಂದಕ್ಕೆ ಬಾಗತೊಡಗಿತ್ತು. ಹಲಗೆಯ ಮೇಲೆ ಮಲಗಿದ, ಬೋರಲು ಮಲಗಿದ, ಉಸಿರು ಎಳೆದ, ಡಾಕ್ಟರು ಹೇಳಿದ ಯಾವುದನ್ನೂ ಬಿಡಲಿಲ್ಲ. ಆದರೂ ಬಾಗಿತು. ಎದುರಿಗೆ ನಿಂತವರ ಮುಖ ನೋಡಲು ಅವನು ಮಂಡಿಯನ್ನು ಮಡಿಚಿ ಹಿಂದಕ್ಕೆ ವಾಲಬೇಕಾಗುತ್ತಿತ್ತು. ಬಹಳ ಜನರಿಗಾಗಿ ಆ ಶ್ರಮ ಪಡುವುದನ್ನು ಬಿಟ್ಟು ಅವರವರ ಚಪ್ಪಲಿ, ಪಂಚೆಯ ಅಂಚು ನೋಡಿಯೇ ಗುರುತು ಹಿಡಿಯುವುದನ್ನು ಕಲಿತುಕೊಂಡ. ನಾನು ರಜಕ್ಕೆ ಹೋದಾಗ, "ಏನೇ ರತ್ನಿ, ಹೊಸ ಚಪ್ಪಲಿ! ಹಾಸ್ಟೆಲ್ ಊಟ ಮೈಗ್ ಹತ್ತೈತೋ ಇಲ್ವೋ, ಅದೊಂದ್ ನಂಗ್ ಕಾಣಕಿಲ್ಲ" ಎಂದ. ನಾನು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮುಖ ತೋರಿಸಿದೆ. ಬಸ್ ಸ್ಟ್ಯಾಂಡಿನ ಮಧ್ಯದಲ್ಲಿ ಕಾಲೇಜು ಹುಡುಗಿ ಹಾಗೆ ಕೂತದ್ದನ್ನು ನೋಡಿ ಜನ ನಕ್ಕರು. ನಗಲಿ ಅಂದುಕೊಂಡೆ.

ಆ ಬೇಸಿಗೆಯಲ್ಲೇ ಚಿಕ್ಕಮ್ಮನ ಅಪ್ಪ ಬಂದರು. ಪಡಸಾಲೆಯಲ್ಲಿ ಕೂತರು, ನೀರು ಕುಡಿದರು, ಯಾರ ಮುಖವನ್ನೂ ನೋಡದೆ ಹೇಳಿದರು.

"ಮಂಗಳಾ, ಬಟ್ಟೆ ತಗಂಡ್ ಬಾ ಮಗ. ಹೋಗಾನ."

"ಎಲ್ಲಿಗಪ್ಪಾ?"

"ಇನ್ನೆಲ್ಲಿಗೆ, ಮನೆಗೆ."

ಕಂಬದ ಪಕ್ಕ ನಿಂತಿದ್ದ ಚಿಕ್ಕಪ್ಪ ನೆಲಕ್ಕೆ ಹೇಳುವಂತೆ ಹೇಳಿದ. "ನಾನೇ ಹೇಳಿಕಳ್ಸಿದ್ದೆ. ಹೋಗು ಮಂಗಳ. ನೀನಿನ್ನೂ ಚಿಕ್ಕವಳು. ನನ್ನ ಜೊತೆ ಇದ್ದು ಏನ್ ಮಾಡ್ತೀಯ? ನಾಳೆ ನಂಗೆ ಸ್ನಾನ ಮಾಡ್ಸೋಕೂ ಒಬ್ರು ಬೇಕಾಗ್ತದೆ."

ಚಿಕ್ಕಮ್ಮ ಅವನ ಹತ್ತಿರ ಬಂದು ನಿಂತಳು. ಅವಳ ಸಣ್ಣ ದನಿ ಅವತ್ತು ಇನ್ನೂ ಸಣ್ಣದಾಗಿತ್ತು. "ಹೇಳಿಕಳ್ಸೋಕ್ ಮುಂಚೆ ನನ್ನ ಒಂದ್ ಮಾತು ಕೇಳಿದ್ರಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಗೊತ್ತಿದ್ದೂ ಮತ್ತೆ?"

ಅವಳು ಒಳಗೆ ಹೋಗಿ ತಟ್ಟೆ ತಂದು ಅಪ್ಪನ ಮುಂದೆ ಇಟ್ಟಳು. "ಉಂಡ್ಕಂಡ್ ಹೋಗಪ್ಪ. ಸಾಯಂಕಾಲದ ಬಸ್ಸಿಗೆ ನಿನ್ನ ಅಳಿಯಂದ್ರೇ ಹತ್ತುಸ್ತಾರೆ. ಸೀಟು ಹಿಡಿದ್ ಕೊಡ್ತಾರೆ." ಮುದ್ದೆಯನ್ನು ತಟ್ಟೆಯ ನಡುವೆಯೇ ಇಟ್ಟಳು. ಅವರು ಉಂಡರು. ಸಾಯಂಕಾಲ ಚಿಕ್ಕಪ್ಪನೇ ಅವರನ್ನು ಬಸ್ಸು ಹತ್ತಿಸಿ ಬಂದ. ಅಜ್ಜಿ ಎಲ್ಲವನ್ನೂ ನಡುಮನೆಯಿಂದ ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಬೆಳಗ್ಗೆ ಒಲೆ ಉರಿಯುತ್ತಿರುವುದನ್ನು ಕಂಡು ಚಿಕ್ಕಮ್ಮ ಅಡಿಗೆಮನೆಗೆ ಬಂದರೆ, ಅಜ್ಜಿ ಕಾಫಿ ಕಾಸುತ್ತಿದ್ದಳು. "ಕುಡಿ" ಎಂದು ಲೋಟವನ್ನು ಅವಳ ಕಡೆ ತಳ್ಳಿದಳು. ಆಮೇಲೆ ಅಜ್ಜಿ ಸಾಯುವವರೆಗೂ ಯಾರ ಕಾಲಿನ ಗುಣದ ಮಾತನ್ನೂ ಎತ್ತಲಿಲ್ಲ.

ನನಗೆ ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರಿದ ಮೇಲೆ ಊರಿಗೆ ಹೋಗುವುದು ಕಡಿಮೆಯಾಯಿತು. ಹೋದಾಗಲೆಲ್ಲ ಚಿಕ್ಕಪ್ಪನ ಉಸಿರು ಮೊದಲಿಗಿಂತ ಮೇಲೆ ಮೇಲೆ ಆಡುತ್ತಿತ್ತು. ಪಕ್ಕೆಲುಬುಗಳೂ ಬೆನ್ನಿಗೆ ಕೂಡಿಕೊಂಡು ಎದೆ ಅಲುಗುವುದನ್ನೇ ಬಿಟ್ಟಿತ್ತು, ಹೊಟ್ಟೆ ಮಾತ್ರ ಏರಿ ಇಳಿಯುತ್ತಿತ್ತು. ನೋವು ಮಾತ್ರ ಹೋಗಿತ್ತು. "ಎಲ್ಲಾ ಕೂಡ್ಕಂಡ್ ಮೇಲೆ ನೋವೇ ಇಲ್ಲ ಕಣೇ. ಜಗಳ ಆಡೋಕೆ ಇಬ್ರು ಬೇಕಲ್ಲ" ಎನ್ನುತ್ತಿದ್ದ. ಚಿಕ್ಕಮ್ಮ ಅವನ ಶರಟಿಗೆ ಹಿಂದುಗಡೆ ಉದ್ದ, ಮುಂದುಗಡೆ ಗಿಡ್ಡ ಇರುವಂತೆ ತಾನೇ ಹೊಲಿಯುತ್ತಿದ್ದಳು. ತೊಟ್ಟಾಗ ಎರಡೂ ಕಡೆ ಸಮನಾಗಿ ಕಾಣುತ್ತಿತ್ತು. ಅಂಥ ಶರಟು ಹಗ್ಗದ ಮೇಲೆ ಒಣಗುವುದನ್ನು ನೋಡಿದಾಗ ಮಾತ್ರ ನನಗೆ ಸಂಕಟವಾಗುತ್ತಿತ್ತು.

ಒಂದು ಮಾಗಿಯಲ್ಲಿ ಅವನಿಗೆ ಶೀತವಾಯಿತು. ನಮಗೆ ನಿಮಗೆ ಬಂದರೆ ಕೆಮ್ಮಿ ಉಗಿದು ಬಿಡುವಂಥದ್ದು. ಅಲುಗದ ಎದೆಯಲ್ಲಿ ಕಫ ಕೂತುಬಿಟ್ಟಿತು. ಸುದ್ದಿ ನನಗೆ ಬಂದದ್ದು ಬಸ್ಸಿನವರಿಂದ, ಒಂದು ಬಸ್ಸಿನಿಂದ ಇನ್ನೊಂದಕ್ಕೆ ದಾಟಿಕೊಂಡು. ಬೆಳಗಿನ ಎರಡನೆಯ ಪೀರಿಯಡ್ಡಿನಲ್ಲಿ ಸ್ಕೂಲಿನ ಗೇಟಿನ ಮುಂದೆ ತುಮಕೂರಿಗೆ ಹೊರಟ ಬಸ್ಸು ನಿಂತಿತು. ಡ್ರೈವರ್ ಇಳಿದು ಬಂದು, "ಗುಬ್ಬಿ ಗಂಗಣ್ಣೋರ ಮಗಳ್ ಯಾರ್ರೀ ಇಲ್ಲಿ?" ಎಂದು ಕೇಳಿದನಂತೆ. ಮಗಳಲ್ಲ ಎಂದು ನಾನು ತಿದ್ದಲಿಲ್ಲ. ಅದೇ ಬಸ್ಸು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಸ್ನಾನ ಮಾಡಿಸಿ ವಿಭೂತಿ ಬಳಿದು ಮುಗಿದಿತ್ತು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂರಿಸಿಯೇ ಹೊತ್ತು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಜೀವ ಹೋದ ಮೈ ಕೂರಲು ಒಪ್ಪುವುದಿಲ್ಲ. ಕುಸಿಯುತ್ತದೆ, ಒಂದು ಕಡೆಗೆ ವಾಲುತ್ತದೆ. ಅದಕ್ಕಾಗಿ ಗೋಡೆಗೆ ಒರಗಿಸಿ, ಎದೆಯ ಸುತ್ತ ಬಟ್ಟೆಯ ಪಟ್ಟಿ ಬಿಗಿದು ಗೂಟಕ್ಕೆ ಕಟ್ಟುತ್ತಾರೆ. ಚಿಕ್ಕಮ್ಮ ಹೊಸ ಪಂಚೆಯೊಂದನ್ನು ಉದ್ದಕ್ಕೆ ಹರಿದು ತಂದುಕೊಟ್ಟಳು. ಅಪ್ಪ ಮತ್ತು ಬೀದಿಯ ಇನ್ನಿಬ್ಬರು ಸೇರಿ ಚಿಕ್ಕಪ್ಪನನ್ನು ಮಣೆಯ ಮೇಲೆ ಚಕ್ಕಳಮಕ್ಕಳ ಕೂರಿಸಿ ಹಿಡಿದುಕೊಂಡಿದ್ದರು. ಮಠದಿಂದ ಬಂದಿದ್ದ ವಯಸ್ಸಾದ ಅಯ್ಯನವರು ಪಟ್ಟಿಯನ್ನು ಕೈಗೆ ತೆಗೆದುಕೊಂಡು, "ಬಿಗಿಯಾಗಿ ಹಿಡ್ಕಳ್ರಪ್ಪ, ಕಟ್ಟೋಗಂಟ" ಎಂದರು.

ಹಿಡಿದವರಲ್ಲಿ ಒಬ್ಬನಿಗೆ ಏನನ್ನಿಸಿತೋ, ಮೆಲ್ಲಗೆ ಕೈ ಸಡಿಲಿಸಿ ನೋಡಿದ. ಇನ್ನೊಬ್ಬನೂ ಸಡಿಲಿಸಿದ. ಕೊನೆಗೆ ಅಪ್ಪನೂ ಕೈ ತೆಗೆದರು.

ಚಿಕ್ಕಪ್ಪ ಕೂತೇ ಇದ್ದ. ಗೋಡೆಗೂ ಒರಗಿರಲಿಲ್ಲ. ತಲೆ ತುಸು ಮುಂದಕ್ಕೆ ಬಾಗಿಸಿಕೊಂಡು, ಮಡಿಲಲ್ಲಿಟ್ಟ ಕೈಗಳನ್ನೇ ನೋಡುತ್ತಿರುವವನಂತೆ, ಅಲುಗದೆ ಕೂತಿದ್ದ.

"ಕಟ್ಟೋದ್ ಬ್ಯಾಡ ಕಣ್ರಪ್ಪ. ತಾನೇ ಕೂತವ್ನೆ" ಎಂದರು ಅಯ್ಯನವರು. ಅವರ ದನಿ ಇಳಿದಿತ್ತು.

ಪಡಸಾಲೆಯಲ್ಲಿ ಯಾರೋ "ಶಿವಯೋಗಿ ಕಣಯ್ಯ" ಎಂದರು. ಇನ್ನೊಬ್ಬರು "ಪುಣ್ಯಾತ್ಮ" ಎಂದರು. ಹೆಂಗಸರು ಕೈ ಮುಗಿಯತೊಡಗಿದರು. ಬಾಗಿಲಲ್ಲಿ ನಿಂತಿದ್ದವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಪಾದ ಮುಟ್ಟಲು ಬಂದರು.

"ಯೋಗಾನೂ ಇಲ್ಲ, ಏನೂ ಇಲ್ಲ" ಎಂದಳು ಚಿಕ್ಕಮ್ಮ. ಅವಳ ಸಣ್ಣ ದನಿ ಆ ಗದ್ದಲದಲ್ಲೂ ಕೇಳಿಸಿತು. "ಕಾಯ್ಲೆ ಅದು. ಇಷ್ಟ್ ವರ್ಷ ಅದನ್ನೇ ಹೊತ್ಕಂಡಿದ್ರು. ಕೈ ಮುಗೀಬೇಡಿ. ಸುಮ್ನೆ ನೋಡ್ಕಂಡ್ ಹೋಗಿ."

ಅಯ್ಯನವರು ಬಟ್ಟೆಯ ಪಟ್ಟಿಯನ್ನು ಅವಳಿಗೆ ವಾಪಸು ಕೊಟ್ಟರು. ಅವಳು ಅದನ್ನು ಸುರುಳಿ ಸುತ್ತಿ ಬಲಗೈ ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಾರ ಹಾಕಿದರು, ಹೊತ್ತರು, ತೋಟದ ಮೂಲೆಯಲ್ಲಿ ತೋಡಿದ ಗುಣಿಗೆ ಇಳಿಸಿದರು, ಎಲ್ಲರೂ ಮಣ್ಣು ಹಾಕಿದರು. ಅವಳು ಎಡಗೈಯಲ್ಲಿ ಹಾಕಿದಳು. ಮನೆಗೆ ಬಂದ ಮೇಲೆ ಅಮ್ಮ ತಂಬಿಗೆಯಲ್ಲಿ ನೀರು ತಂದು, ಕೈ ತೊಳೆದುಕೊಳ್ಳಲೆಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈ ಬೆವರಿಗೆ ಆ ಬಟ್ಟೆ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು.